ಹೆಜ್ಜೆ ಅಳೆಯುವ ಕಡ್ಡಿ

ವೇಣೂರು
9 ಎಪ್ರಿಲ್ 2024

ಮಾನ್ಯ ಹನೀಫ್ ಸಾಹೇಬರಿಗೆ ಸೇಸಮ್ಮನ ವಂದನೆಗಳು.

ಪತ್ತೇದಾರ ಧರಣಪ್ಪನ ಕೋಣೆಯ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ಮೊಮ್ಮಗಳು ಸಾತ್ವಿಕಾ, ಮೊನ್ನೆ ಭಾನುವಾರ ಮಧ್ಯಾಹ್ನ, ನನ್ನ ಜೊತೆ ಕೂತು ಹಲಸಿನ ತೊಳೆ ಬಿಡಿಸುತ್ತಾ. ಮೂವತ್ತೊಂದು ಕಾದಂಬರಿಗಳಲ್ಲಿ ಬಂದ ಪತ್ತೇದಾರನಂತೆ. ಅವನು ಹುಟ್ಟಿದ್ದು ಬರೆದವರ ತಲೆಯಲ್ಲಿ, ಆದರೆ ಅವನ ಸಾಮಾನುಗಳು ನಿಜವಂತೆ. ಅವನ್ನೆಲ್ಲ ಮೂಡುಬಿದಿರೆಯ ಒಂದು ಹಳೆ ಲಾಡ್ಜಿನ ಮಹಡಿಯಲ್ಲಿ ಜೋಡಿಸಿ ಇಟ್ಟಿದ್ದಾರಂತೆ. ಪತ್ರಿಕೆಯಲ್ಲಿ ಬಂದ ಫೋಟೋವನ್ನೂ ತೋರಿಸಿದಳು.

ನಾನು ನಿವೃತ್ತ ಶಿಕ್ಷಕಿ. ಪತ್ತೇದಾರಿ ಕಾದಂಬರಿ ಓದಿದವಳಲ್ಲ. ಸುಮ್ಮನೆ ಕುತೂಹಲಕ್ಕೆ ಮೂರು ಪ್ರಶ್ನೆ ಕೇಳುತ್ತೇನೆ.

ಆ ಕೊಡೆಯ ಬಟ್ಟೆ ಹರಿದು ಹೊಲಿದದ್ದು ಉಂಟಲ್ಲ, ಆ ದಾರದ ಬಣ್ಣ ಯಾವುದು? ಗಾಜಿನ ನಳಿಗೆಯೊಳಗಿನ ತೆಂಗಿನ ಗರಿಯ ಕಡ್ಡಿ ಎಷ್ಟು ಉದ್ದ? ಕುರ್ಚಿಯ ಕೆಳಗೆ ಹುರಿ ಕಟ್ಟಿದ ಒಂದು ಕಾಗದದ ಕಟ್ಟು ಕಾಣುತ್ತದೆ, ಅದರೊಳಗೆ ಏನುಂಟು?

ಪತ್ರಿಕೆಯಲ್ಲಿ ಫೋನ್ ನಂಬ್ರ ಕೊಟ್ಟಿದ್ದೀರಿ. ಫೋನಿನಲ್ಲಿ ನನಗೆ ಮಾತು ಕಟ್ಟುತ್ತದೆ, ಆದ್ದರಿಂದ ಕಾಗದ.

ಇಂತಿ,
ಸೇಸಮ್ಮ


ಮೂಡುಬಿದಿರೆ
16 ಎಪ್ರಿಲ್ 2024

ಸೇಸಮ್ಮ ಟೀಚರಿಗೆ ಹನೀಫನ ಸಲಾಂ.

ಈ ಕಾಲದಲ್ಲಿ ಅಂಚೆಯವನು ನನ್ನ ಹೆಸರು ಕರೆದದ್ದು ಕೇಳಿ ಕೆಳಗಿನ ಬಟ್ಟೆ ಅಂಗಡಿಯ ಅಶ್ರಫ್ ಹೊರಗೆ ಬಂದು ನೋಡಿದ. "ಕೋರ್ಟಿನಿಂದ ಬಂದದ್ದಾ ಹನೀಫಾಕ?" ಎಂದು ಕೇಳಿದ (ಹಿರಿಯರನ್ನು ನಮ್ಮಲ್ಲಿ ಹೀಗೆ 'ಆಕ' ಸೇರಿಸಿ ಕರೆಯುವುದು). "ಅಲ್ಲ ಮಾರಾಯ, ಟೀಚರಿಂದ" ಎಂದೆ. "ಹಾಗಾದರೆ ಅದಕ್ಕಿಂತ ಕಷ್ಟ" ಎಂದ.

ನೀವು ಧರಣಪ್ಪನನ್ನು ಓದಿಲ್ಲ ಎಂದಿರಿ, ಆದ್ದರಿಂದ ಸ್ವಲ್ಪ ಪರಿಚಯ ಮಾಡಿಕೊಡುತ್ತೇನೆ. ಅವನು ಈ ಕೋಣೆಯಲ್ಲೇ, ಮಹಡಿಯ ನಾಲ್ಕನೇ ನಂಬ್ರದಲ್ಲಿ ಇದ್ದವನು. ಹೊತ್ತು ಮುಳುಗುವ ಮೊದಲು ಊಟ ಮಾಡುವ ಜೈನ, ಹಾಗಾಗಿ ಕಳ್ಳ ಸಿಕ್ಕಿಬೀಳುವುದೂ ಹೊತ್ತು ಮುಳುಗುವ ಮೊದಲೇ. ಮಳೆ ಬಂದರೆ ಕೊಡೆ ಬಿಡಿಸುವುದಿಲ್ಲ, ಯೋಚನೆ ಬಂದರೆ ಬಿಡಿಸುತ್ತಾನೆ. ಕೋಣೆಯೊಳಗೆ ಕೊಡೆ ಬಿಡಿಸಿ ಕೂತನೆಂದರೆ ಓದುವವರು ಉಸಿರು ಹಿಡಿಯಬೇಕು. ಕೆಸರಿನಲ್ಲಿ ಹೆಜ್ಜೆ ಕಂಡರೆ ಸಾಕು, ಜೇಬಿನಿಂದ ಆ ಕಡ್ಡಿ ತೆಗೆದು ಅಳೆಯುತ್ತಾನೆ. ಬರೆದವರು ನಮ್ಮ ರುಕ್ಮಯ್ಯ, ಈ ಲಾಡ್ಜಿನ ಮ್ಯಾನೇಜರ್ ಆಗಿದ್ದವರು, ಮೂರು ವರ್ಷದ ಹಿಂದೆ ತೀರಿಕೊಂಡರು. ಸಾಮಾನುಗಳನ್ನು ನನಗೆ ಒಪ್ಪಿಸಿ ಹೋದರು. ಲಾಡ್ಜು ಮುಚ್ಚಿ ಎಷ್ಟೋ ಕಾಲವಾಯಿತು, ಈ ಕೋಣೆಯನ್ನು ಮಾತ್ರ ನಾನು ಹಿಡಿದುಕೊಂಡಿದ್ದೇನೆ.

ನೋಡಲಿಕ್ಕೆ ಬರುವವರು ಒಳ್ಳೊಳ್ಳೆ ಪ್ರಶ್ನೆ ಕೇಳುತ್ತಾರೆ. ಮೊನ್ನೆ ಲಾಯಿಲದ ಕಡೆಯ ಒಬ್ಬರು ಹೆಂಗಸು, "ಧರಣಪ್ಪನಿಗೆ ಹೆಂಡತಿ ಇಲ್ಲ ಅಂತೀರಿ, ಹಾಗಾದ್ರೆ ಈ ಬೈರಾಸು ಒಗೆಯುವುದು ಯಾರು?" ಎಂದರು. ನಾನೇ ಎಂದೆ. ಪಾಪ, ನಂಬಲಿಲ್ಲ. ನಿಜವಾಗಿಯೂ ಆ ಟವೆಲನ್ನು ತಿಂಗಳಿಗೊಮ್ಮೆ ಒಗೆಯುವುದು ನಾನೇ.

ನಿಮ್ಮ ಉತ್ತರಗಳು: ದಾರ ಕೆಂಪು. ಕಡ್ಡಿ ಎಂಟೂಮುಕ್ಕಾಲು ಇಂಚು, ಈಗಷ್ಟೇ ಅಳೆದೆ. ಕಟ್ಟಿನೊಳಗೆ ಏನುಂಟೆಂದು ಯಾರಿಗೂ ಗೊತ್ತಿಲ್ಲ. ಮೂವತ್ತೊಂದು ಕಾದಂಬರಿಗಳಲ್ಲಿಯೂ ಧರಣಪ್ಪ ಅದನ್ನು ಬಿಚ್ಚುವುದಿಲ್ಲ. ಬಿಚ್ಚಬಾರದು ಎಂದು ರುಕ್ಮಯ್ಯ ನನಗೂ ಹೇಳಿದ್ದರು. ಸಾಮಾನುಗಳನ್ನೆಲ್ಲ ಬಂಟ್ವಾಳದ ಗುಜರಿಯಲ್ಲಿ ತೆಗೆದುಕೊಂಡದ್ದು ಎನ್ನುತ್ತಿದ್ದರು.

ಒಂದು ಮಾತು. ಹೊಲಿಗೆ ಉಂಟೆಂದು ಕಾದಂಬರಿಗಳಲ್ಲಿ ಎಲ್ಲಿಯೂ ಬರೆದಿಲ್ಲ. ಫೋಟೋದಲ್ಲಿ ಕೊಡೆ ಮಡಚಿ ಇತ್ತು. ನಿಮಗೆ ಹೇಗೆ ಗೊತ್ತಾಯಿತು?

ಹನೀಫಾ


ವೇಣೂರು
24 ಎಪ್ರಿಲ್ 2024

ಹನೀಫ್ ಸಾಹೇಬರಿಗೆ,

ಹೊಲಿದವಳು ನಾನು. ರವಿಕೆ ಹೊಲಿಯಲು ತಂದಿದ್ದ ಕೆಂಪು ದಾರ. ಕಪ್ಪು ದಾರ ಮುಗಿದಿತ್ತು.

ನಿಮ್ಮ ಕಾಗದ ಬಂದ ಕೂಡಲೇ ಸಾತ್ವಿಕಾಳ ಸ್ಕೇಲು ಹಿಡಿದು ನನ್ನ ಪಾದ ಅಳೆದೆ. ಎಂಟೂಮುಕ್ಕಾಲು ಇಂಚು. ಆ ಕಡ್ಡಿ ಕಳ್ಳರ ಹೆಜ್ಜೆ ಅಳೆಯುವುದಲ್ಲ. ನಮ್ಮಲ್ಲಿ ಆಗ ಹೆಂಗಸರು ಪೇಟೆಗೆ ಹೋಗಿ ಕಾಲು ಚಾಚಿ ಚಪ್ಪಲಿ ನೋಡುವ ಕ್ರಮ ಇರಲಿಲ್ಲ. ತೆಂಗಿನ ಗರಿಯ ಕಡ್ಡಿಯನ್ನು ಪಾದಕ್ಕೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿಗೆ ಸರಿಯಾಗಿ ಮುರಿದು, ಪೇಟೆಗೆ ಹೋಗುವವರ ಕೈಯಲ್ಲಿ ಕೊಡುವುದು. ಅವರು ಅಂಗಡಿಯಲ್ಲಿ ಚಪ್ಪಲಿಯ ಮೇಲೆ ಕಡ್ಡಿ ಇಟ್ಟು ನೋಡಿ ತರುವುದು. ನಾನು ಮುರಿದು ಕೊಟ್ಟದ್ದು ನನ್ನ ಅಣ್ಣ ಸುಬ್ಬಯ್ಯನ ಕೈಯಲ್ಲಿ, 1979ನೇ ಇಸವಿ ಜೂನ್ ತಿಂಗಳಲ್ಲಿ.

ಅಣ್ಣ ಬಂಟ್ವಾಳದ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ವಾರಕ್ಕೊಮ್ಮೆ ಮನೆಗೆ ಬರುವವನು ಆ ವಾರ ಬರಲಿಲ್ಲ. ಗಿರಣಿಯವರು, ಮಂಗಳವಾರ ಸಂಜೆ ಕೊಡೆ ಹಿಡಿದು ಹೊರಟಿದ್ದಾನೆ ಎಂದರು. ಊರವರು, ಬೊಂಬಾಯಿಗೆ ಹೋಗಿರಬೇಕು ಎಂದರು. ಆ ಕಾಲದಲ್ಲಿ ಕಾಣದಾದವರೆಲ್ಲ ಹೋಗುತ್ತಿದ್ದದ್ದು ಬೊಂಬಾಯಿಗೇ. ನಲವತ್ತೈದು ವರ್ಷವಾಯಿತು.

ಆಟಿ ತಿಂಗಳಲ್ಲಿ, ಆಷಾಢದ ಅಮಾವಾಸ್ಯೆಗೆ, ನಾವು ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವುದು ನಿಮಗೆ ಗೊತ್ತಿರಬಹುದು. ಅಮ್ಮ ಬದುಕಿರುವವರೆಗೆ ಅಣ್ಣನಿಗೆ ಎಲೆ ಹಾಕಲು ಬಿಡಲಿಲ್ಲ. ಬದುಕಿರುವವನಿಗೆ ಸತ್ತವರ ಎಲೆ ಹಾಕಿದರೆ ಅವನ ಆಯಸ್ಸನ್ನು ನಾವೇ ಮುಗಿಸಿದ ಹಾಗೆ ಎನ್ನುತ್ತಿದ್ದಳು. ಅಮ್ಮನೂ ಹೋದಳು. ಈಗ ಮನೆಗೆ ಹಿರಿಯಳು ನಾನು. ಆಟಿ ಮುಗಿದ ಮೇಲೆ ಮಂಗಳೂರಿನಲ್ಲಿ ನನಗೊಂದು ಆಪರೇಷನ್ ಉಂಟು. ಡಾಕ್ಟರು ನನ್ನ ಮಗನನ್ನು ಹೊರಗೆ ಕರೆದು ಮಾತಾಡಿದರು, ಆದ್ದರಿಂದ ಸಣ್ಣದಲ್ಲ. ನಾನು ಹೋದರೆ ಅಣ್ಣನ ಮುಖ ಕಂಡವರು ಯಾರೂ ಉಳಿಯುವುದಿಲ್ಲ.

ಆ ಫೋಟೋದಲ್ಲಿ ಕುರ್ಚಿಯ ಮೇಲೆ ಮಡಚಿದ ಬೈರಾಸು, ಅದಕ್ಕೆ ಒರಗಿಸಿದ ಕೊಡೆ, ಸುಣ್ಣದ ಡಬ್ಬಿ, ಪಕ್ಕದಲ್ಲಿ ಚೆಂಬು ನೀರು. ಸಾಹೇಬರೇ, ನಮ್ಮಲ್ಲಿ ಹೀಗೆ ಜೋಡಿಸುವುದು ಬೊಜ್ಜದ ದಿನ, ಉತ್ತರಕ್ರಿಯೆಯಲ್ಲಿ, ಸತ್ತವನಿಗೆ. ನಿಮಗೆ ಇದನ್ನು ಕಲಿಸಿದವರು ಯಾರು?

ರುಕ್ಮಯ್ಯನವರಿಗೆ ಇವು ಎಲ್ಲಿ ಸಿಕ್ಕಿದವು ಎಂದು ನಿಜ ಹೇಳಿ.

ಸೇಸಮ್ಮ


ವೇಣೂರು
30 ಮೇ 2024

ಹನೀಫ್ ಸಾಹೇಬರಿಗೆ,

ನಿಮ್ಮ ಉತ್ತರ ಬರಲಿಲ್ಲ. ನಿನ್ನೆ ನಾನೇ ಬಸ್ಸು ಹತ್ತಿ ಮೂಡುಬಿದಿರೆಗೆ ಬಂದಿದ್ದೆ. ಕೋಣೆಯ ಬಾಗಿಲು ಮುಚ್ಚಿತ್ತು. ಕೆಳಗೆ ಅಶ್ರಫ್ ಎಂಬವರು, "ಹನೀಫಾಕ ಮಗಳ ಮನೆಗೆ ಹೋಗಿದ್ದಾರೆ, ಬರುವಾಗ ತಿಂಗಳಾಗ್ತದೆ" ಎಂದು ಹೇಳುತ್ತಾ ನನ್ನ ಮುಖ ಬಿಟ್ಟು ಬಟ್ಟೆಯ ಥಾನು ನೋಡುತ್ತಿದ್ದರು.

ನಾನು ನಿಮ್ಮ ಧರಣಪ್ಪನಲ್ಲ. ಆದರೂ ನನಗೆ ಕಂಡದ್ದು ಇಷ್ಟು. ಬಾಗಿಲಿಗೆ ಹೊರಗಿನಿಂದ ಬೀಗ ಇರಲಿಲ್ಲ. ಒಳಗೆ ಫ್ಯಾನು ತಿರುಗುತ್ತಿತ್ತು. ಹೊಸ್ತಿಲಲ್ಲಿ ಗಂಡಸರ ಒಂದು ಜೊತೆ ಚಪ್ಪಲಿ ಇತ್ತು, ಹೊರಗೆ ಮಳೆ ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಚಪ್ಪಲಿ ಒದ್ದೆ ಇತ್ತು.

ಬಾಗಿಲು ಬಡಿಯಲಿಲ್ಲ. ಹೆದರಿಕೊಂಡವರ ಬಾಗಿಲು ಬಡಿದರೆ ಇನ್ನೂ ಗಟ್ಟಿ ಮುಚ್ಚುತ್ತಾರೆ. ಮೂವತ್ತೆಂಟು ವರ್ಷ ಮಕ್ಕಳ ಜೊತೆ ಇದ್ದವಳು ನಾನು.

ಸೇಸಮ್ಮ


ಮೂಡುಬಿದಿರೆ
11 ಜೂನ್ 2024

ಮಾನ್ಯರೇ,

ಜ್ವರ ಇದ್ದುದರಿಂದ ಉತ್ತರಿಸಲು ತಡವಾಯಿತು. ಸದ್ರಿ ಸಾಮಾನುಗಳನ್ನು ದಿವಂಗತ ರುಕ್ಮಯ್ಯನವರು ಗುಜರಿಯಲ್ಲಿ ಖರೀದಿಸಿದ್ದೆಂದು ನನಗೆ ತಿಳಿದಿರುತ್ತದೆ. ಅದಕ್ಕಿಂತ ಹೆಚ್ಚಿನ ಮಾಹಿತಿ ನನ್ನಲ್ಲಿಲ್ಲ. ಎಂಟೂಮುಕ್ಕಾಲು ಇಂಚಿನ ಪಾದ ಊರಲ್ಲಿ ಎಷ್ಟೋ ಜನರಿಗೆ ಇರಬಹುದು. ತಮ್ಮ ಆರೋಗ್ಯ ನೋಡಿಕೊಳ್ಳಿ.

ತಮ್ಮ ಸಮಾಧಾನಕ್ಕಾಗಿ ಕಡ್ಡಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇನೆ.

ಹನೀಫಾ


ವೇಣೂರು
20 ಜೂನ್ 2024

ಹನೀಫಾಕ,

ಕಡ್ಡಿ ಬಂತು. ಒಂದು ತುದಿ ಉಗುರಿನಿಂದ ಮುರಿದದ್ದು, ಇನ್ನೊಂದು ಹಲ್ಲಿನಿಂದ ಕಚ್ಚಿದ್ದು. ಕಚ್ಚಿದ ತುದಿ ನಾರು ನಾರಾಗಿದೆ. ಹಾಗೆ ಕಚ್ಚಿ ಮುರಿದು ಕೊಟ್ಟವಳು ನಾನೇ. ನನಗೆ ಇನ್ನು ಬೇರೆ ಸಾಕ್ಷಿ ಬೇಡ. ಗುಜರಿಯವರು ಇಂತಹ ಕಡ್ಡಿ ಮಾರುವುದಿಲ್ಲ, ಅದು ನಿಮಗೂ ಗೊತ್ತುಂಟು.

ಯಾರಿಗೂ ಹೇಳದ ಒಂದು ಮಾತು ನಿಮಗೆ ಬರೆಯುತ್ತೇನೆ. ನನಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು, ಬುಧವಾರದಿಂದ ಸುರು. ಕಾಲಿಗೆ ಚಪ್ಪಲಿ ಇರಲಿಲ್ಲ. ಅಣ್ಣ ಎರಡು ವಾರ ಕಡ್ಡಿ ತೆಗೆದುಕೊಂಡು ಹೋಗಿ ಎರಡು ವಾರವೂ ಮರೆತು ಬಂದ. ಮೂರನೇ ಸಲ ಅವನು ಹೊರಡುವಾಗ ಮನೆಗೆ ನೆಂಟರು ಬಂದಿದ್ದರು. ಅವರ ಎದುರಿಗೇ ಹೇಳಿದೆ: "ಒಂದು ಜೊತೆ ಚಪ್ಪಲಿ ತರಲಿಕ್ಕೆ ಆಗದವನು ನೀನು. ಈ ಸಲ ತಾರದಿದ್ದರೆ ಮನೆಗೇ ಬರಬೇಡ." ನೆಂಟರು ನಕ್ಕರು. ಅಣ್ಣನೂ ನಕ್ಕ. ಕಡ್ಡಿಯನ್ನು ಜೇಬಿಗೆ ಹಾಕಿಕೊಂಡು ಹೋದ.

ಅಮ್ಮ ಸಾಯುವವರೆಗೂ, ಅವನು ಯಾಕೆ ಹೋದ ಎಂದು ಕೇಳುತ್ತಿದ್ದಳು. ಗೊತ್ತಿಲ್ಲ ಎನ್ನುತ್ತಿದ್ದೆ. ಟ್ರೈನಿಂಗಿಗೆ ಬರಿಗಾಲಲ್ಲಿ ಹೋದೆ. ಆಮೇಲೆ ಚಪ್ಪಲಿ ಹಾಕಲೇ ಇಲ್ಲ. ಬರಿಗಾಲ ಟೀಚರ್ ಎಂದು ಮಕ್ಕಳು ಹೆಸರಿಟ್ಟರು. ದೊಡ್ಡ ವ್ರತ ಎಂದು ಊರವರು ಗೌರವ ಕೊಟ್ಟರು.

ನಾನು ಪೊಲೀಸಿಗೆ ಹೋಗುವವಳಲ್ಲ. ನನಗೆ ಬೇಕಾದದ್ದು ಒಂದೇ: ಎಲೆ ಹಾಕುವುದೋ, ಬೇಡವೋ. ಬದುಕಿದ್ದು ಎಲೆ ಹಾಕಿದರೆ ಕೊಂದವಳು ನಾನು. ಸತ್ತಿದ್ದು ಹಾಕದಿದ್ದರೆ ನಲವತ್ತೈದು ಆಟಿಯಿಂದ ಅವನು ನಮ್ಮ ಅಂಗಳದಲ್ಲಿ ಹಸಿದು ನಿಂತಿದ್ದಾನೆ, ಒಳಗೆ ಕೂತು ಉಂಡವರು ನಾವು. ಆಗಸ್ಟ್ ನಾಲ್ಕಕ್ಕೆ ಅಮಾವಾಸ್ಯೆ.

ಸೇಸಮ್ಮ


ಮೂಡುಬಿದಿರೆ
9 ಜುಲೈ 2024

ಸೇಸಕ್ಕ,

ಎಲೆ ಹಾಕಿ.

ಇಷ್ಟು ಬರೆದು ಮೂರು ದಿನ ಪೆನ್ನು ಮುಟ್ಟಲಿಲ್ಲ. ಉಳಿದದ್ದನ್ನು ಈಗ ಬರೆಯುತ್ತೇನೆ.

ನಿಮ್ಮ ಮೊದಲ ಕಾಗದದ ಮೇಲೆ ವೇಣೂರು ಎಂದು ಓದಿದಾಗಲೇ ನನಗೆ ಹೆದರಿಕೆಯಾಗಿತ್ತು. ಅದಕ್ಕೇ ಅಷ್ಟು ತಮಾಷೆ ಬರೆದದ್ದು. ಪತ್ರಿಕೆಯವರಿಗೆ ಫೋಟೋ ಕೊಟ್ಟದ್ದೂ ನಾನೇ. ಯಾರಾದರೂ ಗುರುತು ಹಿಡಿಯಲಿ ಎಂದು ಒಂದು ಮನಸ್ಸು, ಹಿಡಿಯದಿರಲಿ ಎಂದು ಇನ್ನೊಂದು.

1979ರಲ್ಲಿ ನನಗೆ ಇಪ್ಪತ್ತಮೂರು ವರ್ಷ. ಬಾಡಿಗೆ ಕಾರು ಓಡಿಸುತ್ತಿದ್ದೆ, ಕಪ್ಪು ಅಂಬಾಸಿಡರ್. ಆ ಬುಧವಾರ ಬೆಳಿಗ್ಗೆ ಸುಬಹಿ ನಮಾಜು ಮುಗಿಸಿ ಬರುವಾಗ ರುಕ್ಮಯ್ಯ ಕರೆದರು. "ಲಾಡ್ಜಿನಲ್ಲಿ ಒಬ್ಬರಿಗೆ ಹುಷಾರಿಲ್ಲ, ಕಾರು ಹಿಂದಿನ ಬಾಗಿಲಿಗೆ ತಾ" ಎಂದರು. ಲಾಡ್ಜಿನ ಧಣಿ ಮತ್ತು ರುಕ್ಮಯ್ಯ ಇಬ್ಬರೂ ಸೇರಿ ಕಂಬಳಿ ಹೊದೆಸಿದವರನ್ನು ಹಿಂದಿನ ಸೀಟಿಗೆ ತಂದರು. ಆ ದಿನ ಲಾಡ್ಜಿನ ಹಾಲ್‌ನಲ್ಲಿ ಧಣಿಯ ಮಗಳ ನಿಶ್ಚಿತಾರ್ಥ. ಚಪ್ಪರ ಹಾಕಿ ಆಗಿತ್ತು.

ಆಸ್ಪತ್ರೆಯ ಕಡೆ ತಿರುಗಿಸಿದೆ. ಧಣಿ ನನ್ನ ಭುಜ ಹಿಡಿದು, "ಆಚೆ ಬೇಡ. ಕೊಕ್ಕಡಕ್ಕೆ ಬಿಡು" ಎಂದರು.

"ಕೊಕ್ಕಡದಲ್ಲಿ ಆಸ್ಪತ್ರೆ ಎಲ್ಲಿ ಧಣಿ?"

"ಆಸ್ಪತ್ರೆಗೆ ಹೊತ್ತು ಮೀರಿದೆ ಮಾರಾಯ. ಮೆಲ್ಲ ಬಿಡು, ತಿರುಗಿ ನೋಡಬೇಡ."

ನೋಡಿದೆ. ಕಂಬಳಿ ಜಾರಿತ್ತು. ನಿಮಗೆ ಎಷ್ಟು ಬರೆಯಬಹುದೋ ಗೊತ್ತಿಲ್ಲ. ಮುಖ ಶಾಂತವಾಗಿತ್ತು, ಅಷ್ಟು ಸತ್ಯ.

ವೇಣೂರು ಪೇಟೆ ದಾಟುವಾಗ ಜೋರು ಮಳೆ. ಬಸ್ಸಿಗೆ ಕಾಯುವವರು ಕೈ ತೋರಿಸಿದರು. ನಾನು ನಿಲ್ಲಿಸಲಿಲ್ಲ.

ಕೊಕ್ಕಡದಲ್ಲಿ ಧಣಿಯ ಹೊಸ ರಬ್ಬರ್ ತೋಟ. ಗುಡ್ಡೆ ಇಡೀ ಸಸಿ ನೆಡಲು ಗುಂಡಿ ತೋಡಿ ಇಟ್ಟಿದ್ದರು. ಒಂದನ್ನು ನಾವು ಮೂವರು ಉದ್ದ ಮಾಡಿದೆವು. ನಿಮ್ಮವರಿಗೆ ಬೆಂಕಿಯ ಕ್ರಮ ಎಂದು ಈಗ ಗೊತ್ತು, ಆಗ ಅವರು ಯಾರೆಂದೇ ನನಗೆ ಗೊತ್ತಿರಲಿಲ್ಲ. ಮನುಷ್ಯನನ್ನು ಮಣ್ಣಿಗೆ ಇಡುವುದು ಹೇಗೆಂದು ನನಗೆ ಗೊತ್ತಿದ್ದದ್ದು ಒಂದೇ ಕ್ರಮ. ತಲೆ ಉತ್ತರಕ್ಕೆ ಮಾಡಿ, ಮುಖ ಪಶ್ಚಿಮಕ್ಕೆ ತಿರುಗಿಸಿ ಮಲಗಿಸಿದೆ. ಫಾತಿಹಾ ಓದಿದೆ. ಧಣಿ, "ಬೇಗ ಮುಗಿಸು" ಎಂದರು. ರುಕ್ಮಯ್ಯ ಸಸಿ ನೆಟ್ಟರು.

ಮಧ್ಯಾಹ್ನ ನಿಶ್ಚಿತಾರ್ಥದ ಊಟಕ್ಕೆ ನಮ್ಮಿಬ್ಬರನ್ನೂ ಕೂರಿಸಿದರು. ನಾನು ಉಂಡೆ. ಇದನ್ನೂ ಬರೆಯಬೇಕು.

ಸಾಯುವ ಮೊದಲು ರುಕ್ಮಯ್ಯ ನನ್ನನ್ನು ಕರೆಸಿ ಉಳಿದದ್ದನ್ನು ಹೇಳಿದರು. ನಿಮ್ಮ ಅಣ್ಣ ಮಂಗಳವಾರ ಬಂಟ್ವಾಳದಿಂದ ಬಂದು ಇಲ್ಲಿ ಇಳಿಯುವಾಗ ವೇಣೂರಿನ ಕೊನೆಯ ಬಸ್ಸು ಹೋಗಿತ್ತಂತೆ. ಒಂದು ರಾತ್ರಿಗೆ ನಾಲ್ಕನೇ ನಂಬ್ರ ಕೊಟ್ಟರು. ಎದೆ ಹಿಡಿದುಕೊಂಡಿದೆ ಎಂದು ಸೋಡಾ ಕೇಳಿದರಂತೆ. "ಮೊದಲ ಬಸ್ಸಿಗೆ ಎಬ್ಬಿಸಿ, ನಾಳೆ ತಂಗಿಗೆ ಟ್ರೈನಿಂಗ್ ಸುರು, ಅವಳು ಹೊರಡುವ ಮೊದಲು ಮುಟ್ಟಬೇಕು" ಎಂದರಂತೆ. ಬೆಳಿಗ್ಗೆ ಎಬ್ಬಿಸಲು ಹೋದಾಗ ಮುಗಿದಿತ್ತು. ಸಾವಿನ ಸುದ್ದಿ ಎದ್ದರೆ ನಿಶ್ಚಿತಾರ್ಥ ನಿಲ್ಲುತ್ತದೆ ಎಂದು ಧಣಿ ಮುಚ್ಚಿಸಿದರಂತೆ. ಲಾಡ್ಜಿನ ಪುಸ್ತಕದಲ್ಲಿ ಅವರ ಹೆಸರು, ಊರು ಎಲ್ಲ ಇತ್ತು. ಆ ಹಾಳೆ ಹರಿದವರು ರುಕ್ಮಯ್ಯ.

ಎರಡು ವರ್ಷ ಕಳೆದು ಅವರು ಧರಣಪ್ಪನನ್ನು ಬರೆಯಲು ಸುರು ಮಾಡಿದರು. ಕೊಡೆ, ಬೈರಾಸು, ಡಬ್ಬಿ, ಕಡ್ಡಿ, ಆ ಕಟ್ಟು, ಎಲ್ಲ ನಿಮ್ಮ ಅಣ್ಣ ಮಲಗಿದ್ದ ಕೋಣೆಯಲ್ಲಿ ಸಿಕ್ಕಿದವು. ಕಡ್ಡಿ ಯಾಕೆಂದು ತಿಳಿಯದೆ ಹೆಜ್ಜೆ ಅಳೆಯಲು ಕೊಟ್ಟರು. ಪ್ರತಿ ಜೂನಿನಲ್ಲಿ ಒಂದು ದಿನ ಕುರ್ಚಿಯ ಮೇಲೆ ಹಾಗೆ ಜೋಡಿಸಿ ನೀರಿಡುತ್ತಿದ್ದರು. ನಾನು ಅದು ಧರಣಪ್ಪನ ಶಿಸ್ತು ಎಂದುಕೊಂಡು ಹಾಗೆಯೇ ಇಟ್ಟೆ, ನಿಮ್ಮ ಕಾಗದ ಬರುವವರೆಗೆ ಅರ್ಥ ಗೊತ್ತಿರಲಿಲ್ಲ. ಧರಣಪ್ಪ ಒಂದು ಪುಸ್ತಕದಲ್ಲಿಯೂ ಸಾಯುವುದಿಲ್ಲ. ಓದುವಾಗ ನಾನು ಕಾರಿನಲ್ಲಿ ಒಯ್ದವರು ಎದ್ದು ಓಡಾಡಿದ ಹಾಗೆ ಆಗುತ್ತಿತ್ತು. ಅದಕ್ಕೇ ಎಲ್ಲವನ್ನೂ ಓದಿದೆ.

ಮೂರು ವರ್ಷದಿಂದ ನಿಮ್ಮ ಊರಿನ ಹೆಸರು ನನಗೆ ಗೊತ್ತುಂಟು. ಇಲ್ಲಿಂದ ಎಷ್ಟು ದೂರ ಎಂದು ನಿಮಗೆ ಹೇಳಬೇಕಾಗಿಲ್ಲ.

ಧಣಿಯೂ ಇಲ್ಲ. ಈಗ ಉಳಿದವನು ನಾನೊಬ್ಬ. ನೀವು ಪೊಲೀಸಿಗೆ ಕೊಟ್ಟರೆ ಕೊಡಿ. ಗುಡ್ಡೆಯ ನಕ್ಷೆ ಇದರ ಜೊತೆ ಇಟ್ಟಿದ್ದೇನೆ. ಆದರೆ ಹಳೇ ಮರಗಳನ್ನು ಕಡಿದು ಹೊಸತು ನೆಟ್ಟಿದ್ದಾರೆ, ಗುರುತಿಗಿದ್ದ ಬಾವಿಯನ್ನು ಮುಚ್ಚಿದ್ದಾರೆ. ಹೋದ ತಿಂಗಳು ಹೋಗಿ ನೋಡಿದೆ, ಯಾವ ಜಾಗ ಎಂದು ನನಗೂ ಹೇಳಲಿಕ್ಕಾಗಲಿಲ್ಲ.

ಸಾಮಾನುಗಳನ್ನೆಲ್ಲ ಅಶ್ರಫ್ ತಂದುಕೊಡುತ್ತಾನೆ. ಕಟ್ಟನ್ನು ನಾನು ಬಿಚ್ಚಿಲ್ಲ.

ಹನೀಫಾ


ವೇಣೂರು
6 ಆಗಸ್ಟ್ 2024

ಹನೀಫಾಕ,

ನಿಮ್ಮನ್ನು ಅಮಾವಾಸ್ಯೆಗೆ ಕರೆಯಲಿಲ್ಲ. ಕರೆಯಬೇಕೆಂದು ಅನ್ನಿಸಲಿಲ್ಲ. ಸುಳ್ಳು ಬರೆದು ಏನು ಪ್ರಯೋಜನ.

ನನ್ನ ಮಗ ರಂಜಿತ್ ನಿಮ್ಮ ಕಾಗದ ಓದಿ ಕಾರಿನ ಕೀ ತೆಗೆದುಕೊಂಡಿದ್ದ. "ಠಾಣೆಗೆ ಹೋಗುವ ಅಮ್ಮ, ಈಗಲೇ ಹೋಗುವ" ಎಂದ. ನೀವು ಫಾತಿಹಾ ಓದಿದೆ ಎಂದು ಬರೆದ ಸಾಲನ್ನು ಅವನಿಗೆ ಇನ್ನೊಮ್ಮೆ ಓದಲು ಹೇಳಿದೆ. ಓದಿ ಕೂತ. ಅಣ್ಣನನ್ನು ಮಣ್ಣಿಗಿಡುವಾಗ ಮೂವರಲ್ಲಿ ಒಬ್ಬರಾದರೂ ದೇವರ ಹೆಸರು ಹೇಳಿದ್ದಾರೆ. ಅಷ್ಟಕ್ಕೆ ಅಷ್ಟು, ಠಾಣೆಗೆ ಹೋಗುವುದಿಲ್ಲ. ನೀವು ಆ ಊಟ ಉಂಡದ್ದನ್ನು ನಾನು ಮರೆಯುವುದಿಲ್ಲ.

ಭಾನುವಾರ ಹೊತ್ತು ಮುಳುಗುವಾಗ ಬಡಿಸಿದೆವು. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಅವನಿಗೆ ಇಷ್ಟದ ಸಿಗಡಿ ಚಟ್ನಿ. ಅಮ್ಮನ ಎಲೆಯ ಪಕ್ಕ ಅವನ ಎಲೆ. ಕೊಡೆಯನ್ನು ಗೋಡೆಗೆ ಒರಗಿಸಿದೆ. ಕ್ರಮದ ಪ್ರಕಾರ ಬಾಗಿಲು ಮುಚ್ಚಿ ಎಲ್ಲರೂ ಚಾವಡಿಯಲ್ಲಿ ಕೂತೆವು. ಆಗ ಇಡೀ ಕಥೆಯನ್ನು ಮನೆಯವರಿಗೆ ಹೇಳಿದೆ. ನೆಂಟರ ಎದುರು ನಾನು ಆಡಿದ ಮಾತನ್ನೂ ಹೇಳಿದೆ. ಸಾತ್ವಿಕಾ, "ಅಜ್ಜಿ, ಅವರು ನಕ್ಕರಲ್ಲ, ಕೋಪ ಇರಲಿಲ್ಲ" ಎಂದಳು.

ಆ ಬುಧವಾರ ಬೆಳಿಗ್ಗೆ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರಲ್ಲಿ ನಾನೂ ಇದ್ದೆ. ಕಪ್ಪು ಕಾರೊಂದು ಕೆಸರು ಹಾರಿಸಿ ಹೋದದ್ದು ನೆನಪುಂಟು, ಯಾಕೆಂದರೆ ನನ್ನ ಬರಿಗಾಲಿಗೆ ರಟ್ಟಿತು.

ಕಟ್ಟನ್ನು ಅಲ್ಲಿಯೇ ಬಿಚ್ಚಿದೆವು. ನಿಮಗೆ ಈಗಾಗಲೇ ಅಂದಾಜಾಗಿರಬಹುದು. ಕಂದು ಬಣ್ಣದ ಚಪ್ಪಲಿ, ಪಟ್ಟಿಗೆ ಸಣ್ಣ ಹಿತ್ತಾಳೆ ಹೂವು. ಅಟ್ಟೆ ಒಣಗಿ ಬಿಲ್ಲಿನ ಹಾಗೆ ಬಾಗಿದೆ. ರಂಜಿತ್ ಕಡ್ಡಿ ಇಟ್ಟು ನೋಡಿದ, ಒಂದು ಕೂದಲೆಳೆ ಹೆಚ್ಚು ಕಮ್ಮಿ ಇಲ್ಲ. ಕಾಲು ಹಾಕಲು ನೋಡಿದೆ. ಉದ್ದ ಸರಿ ಉಂಟು, ಅಗಲಕ್ಕೆ ಹಿಡಿಯುವುದಿಲ್ಲ. ನಲವತ್ತೈದು ವರ್ಷ ಬರಿಗಾಲಲ್ಲಿ ನಡೆದು ನನ್ನ ಪಾದ ಅಗಲವಾಗಿದೆ. ಅವನು ತಪ್ಪು ತಂದದ್ದಲ್ಲ.

ಮರುದಿನ ಬೆಳಿಗ್ಗೆ, ನಿನ್ನೆ ಸೋಮವಾರ, ಕಥೆ ಕೇಳಿದವರು ಯಾರೂ ಕೆಲಸಕ್ಕೆ, ಶಾಲೆಗೆ ಹೋಗಲಿಲ್ಲ. ನಾನು ಯಾರಿಗೂ ಏನೂ ಹೇಳಿರಲಿಲ್ಲ. ರಂಜಿತ್ ಎರಡು ಕ್ಯಾನು ನಮ್ಮ ಬಾವಿಯ ನೀರು ತುಂಬಿಸಿ ಕಾರಿಗೆ ಇಟ್ಟ. ಅವನ ಹೆಂಡತಿ ಸುಪ್ರೀತಾ ಲೋಟಗಳನ್ನು ತಂದಳು. ಸಾತ್ವಿಕಾ ನಿಮ್ಮ ನಕ್ಷೆ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಕೊಕ್ಕಡದ ಆ ಗುಡ್ಡೆಗೆ ಹೋದೆವು. ನೀವು ಹೇಳಿದ್ದು ಸರಿ, ಎಲ್ಲ ಮರವೂ ಒಂದೇ ಹಾಗೆ, ಎಲ್ಲದಕ್ಕೂ ಮಳೆಗೆ ಪ್ಲಾಸ್ಟಿಕ್ ಕಟ್ಟಿದ್ದಾರೆ. ಯಾವುದರ ಕೆಳಗೆ ಎಂದು ಗೊತ್ತಾಗಲಿಲ್ಲ. ಆಗ ಮೂವರೂ ಕಾಲಿನ ಚಪ್ಪಲಿ ಕಳಚಿಟ್ಟು ತಲಾ ಒಂದೊಂದು ಸಾಲು ಹಿಡಿದರು. ಒಂದೊಂದು ಮರದ ಬುಡಕ್ಕೂ ಅಣ್ಣನ ಹೆಸರಿನಲ್ಲಿ ಒಂದೊಂದು ಲೋಟ ನೀರು. ಮಳೆ ಹೊಯ್ಯುತ್ತಿತ್ತು. ರಬ್ಬರ್ ಟ್ಯಾಪಿಂಗಿನವರು ದೂರ ನಿಂತು, "ಮಳೆಗೆ ನೀರು ಹಾಕ್ತಾರಲ್ಲ, ಇವರಿಗೆ ಎಂತ ಆಗಿದೆ?" ಎಂದು ಮಾತಾಡಿಕೊಂಡರು. ನಾನು ಮೇಲೆ ಕಲ್ಲಿನ ಮೇಲೆ ಕೂತು ಅವನ ಕೊಡೆ ಬಿಡಿಸಿಕೊಂಡಿದ್ದೆ. ಕೆಂಪು ಹೊಲಿಗೆಯ ಹತ್ತಿರ ಸ್ವಲ್ಪ ಸೋರುತ್ತದೆ.

ಮಧ್ಯಾಹ್ನದ ಹೊತ್ತಿಗೆ ನೀರು ಮುಗಿಯಿತು. ನಕ್ಷೆಯ ಮೇಲೆ ಸಾತ್ವಿಕಾ ಗುರುತು ಹಾಕಿದ್ದಾಳೆ. ಪಶ್ಚಿಮದ ಅಂಚಿನಲ್ಲಿ ಒಂದು ಸಾಲು ಹಾಗೆಯೇ ಉಳಿದಿದೆ. ಅದನ್ನು ನಾವು ಮಾಡುವುದಿಲ್ಲ. ಅದು ನಿಮ್ಮದು.

ಸೇಸಮ್ಮ